ವಾರ್ಡಿಗೆ ಹೋಗುವ ಮೊದಲು ಅಲೈಡ್ ಹೆಲ್ತ್ ವಿದ್ಯಾರ್ಥಿಗಳಿಗೆ ಏನನ್ನು ಕಲಿಸಬೇಕು?

ಪ್ರಶ್ನೆ: ಬೋಧಕಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಅಲೈಡ್ ಹೆಲ್ತ್ ಸೈನ್ಸಸ್ ಕಾಲೇಜೊಂದರಲ್ಲಿ ಲ್ಯಾಬ್ ಟೆಕ್ನಾಲಜಿ ವಿಷಯವನ್ನು ಬೋಧಿಸುತ್ತಿದ್ದೇನೆ. ಇಮೇಜಿಂಗ್ (ಎಕ್ಸ್-ರೇ, ಸ್ಕ್ಯಾನ್) ಮತ್ತು ಡಯಾಲಿಸಿಸ್ ವಿಭಾಗದ ವಿದ್ಯಾರ್ಥಿಗಳೂ ಕೆಲವು ತರಗತಿಗಳಿಗೆ ಇವರೊಂದಿಗೇ ಕೂಡುತ್ತಾರೆ. ಬರುವ ತಿಂಗಳಿನಿಂದ ಎರಡನೆಯ ವರ್ಷದವರನ್ನು ವಾರ್ಡುಗಳಿಗೂ ಹೊರರೋಗಿ ವಿಭಾಗಕ್ಕೂ ಕಳುಹಿಸಬೇಕಾಗಿದ್ದು, ಅದಕ್ಕೆ ಮುಂಚೆ ಅವರನ್ನು ಸಿದ್ಧಪಡಿಸುವ ಹೊಣೆಯನ್ನು ಕಾಲೇಜು ನನಗೆ ಒಪ್ಪಿಸಿದೆ.

ಈ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದವರಲ್ಲ. ಯಾವ ಬಣ್ಣದ ಮುಚ್ಚಳದ ಟ್ಯೂಬು ಯಾವ ಪರೀಕ್ಷೆಗೆ, ಯಾವುದರ ನಂತರ ಯಾವುದನ್ನು ತುಂಬಬೇಕು ಎಂಬುದನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಕೆಲವರನ್ನು ಸುಮ್ಮನೆ ನೋಡಿಕೊಂಡು ಬರಲೆಂದು ಹೊರರೋಗಿ ವಿಭಾಗಕ್ಕೆ ಕರೆದೊಯ್ದಾಗ, ಬೀಳಗಿ ಕಡೆಯ ಹಿರಿಯರೊಬ್ಬರು "ತಂಗೀ, ಎಷ್ಟ್ ರಕ್ತ ತಗೀತಿ? ಮೊದ್ಲ ಮೈಯಾಗ ರಕ್ತ ಇಲ್ಲಂತ ಡಾಕ್ಟರ್ ಹೇಳ್ಯಾರ" ಎಂದು ಕೇಳಿದ್ದಕ್ಕೆ ಒಬ್ಬ ವಿದ್ಯಾರ್ಥಿನಿ ಉತ್ತರ ತೋಚದೆ ನನ್ನ ಮುಖ ನೋಡುತ್ತ ನಿಂತಳು. ಹುಡುಗರಲ್ಲಿ ಹಲವರು ಹೆಣ್ಣುಮಕ್ಕಳ ಹತ್ತಿರ ಹೋಗಿ ಮಾತನಾಡಿಸಲು ಹಿಂಜರಿಯುತ್ತಾರೆ. ಇನ್ನು ಕೆಲವರು ಆ ಹಿಂಜರಿಕೆಯನ್ನು ಮುಚ್ಚಿಕೊಳ್ಳಲು ಗಡಸಾಗಿ ಮಾತನಾಡುತ್ತಾರೆ. ಎರಡೂ ರೋಗಿಗೆ ಒಳ್ಳೆಯದಲ್ಲ.

ನಮ್ಮಲ್ಲಿ ಸಿಮ್ಯುಲೇಶನ್ ಲ್ಯಾಬ್ (ಬೊಂಬೆ, ಯಂತ್ರಗಳ ಮೇಲೆ ಅಭ್ಯಾಸ ಮಾಡುವ ಕೋಣೆ) ಇಲ್ಲ. ಸೂಜಿ ಚುಚ್ಚಿ ಕಲಿಯಲು ಒಂದು ಪ್ಲಾಸ್ಟಿಕ್ ತೋಳು ಇದೆ, ಅಷ್ಟೆ. ಇರುವ ಮೂರು ವಾರಗಳಲ್ಲಿ ಯಾವುದನ್ನು ಮೊದಲು ಕಲಿಸಬೇಕು? ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುವುದು ಸರಿಯೇ? ಮುಖ್ಯವಾಗಿ, ತಮ್ಮ ಕೈಗೆ ಸೂಜಿ ಹಾಕುವವರು ಕಲಿಯುತ್ತಿರುವ ವಿದ್ಯಾರ್ಥಿ ಎಂಬುದನ್ನು ರೋಗಿಗೆ ತಿಳಿಸಬೇಕೇ? ತಿಳಿಸಿದರೆ ಯಾರೂ ಕೈ ಕೊಡುವುದಿಲ್ಲ ಎಂಬುದು ನನ್ನ ಕೆಲವು ಸಹೋದ್ಯೋಗಿಗಳ ಅಭಿಪ್ರಾಯ. ಈ ಭಾಗದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ಬರೆಯಿರಿ.


ಉತ್ತರ 1: ಲ್ಯಾಬ್ ಮೇಲ್ವಿಚಾರಕ, ವಿಜಯಪುರ

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ತಿಳಿಸಲೇಬೇಕು. "ಅಜ್ಜಾರ, ನಾನು ಇಲ್ಲಿ ಕಲಿಯಾಕತ್ತೀನ್ರಿ, ನಮ್ಮ ಸರ್ ಇಲ್ಲೇ ಬಾಜೂಕ ನಿಂತಾರ, ನಾ ನಿಮ್ಮ ರಕ್ತ ತೆಗೀಲೇನ್ರಿ?" ಎಂದು ನೇರವಾಗಿ ಕೇಳಿದರೆ ನಮ್ಮ ಕಡೆಯ ಜನ ಬೇಡವೆನ್ನುವುದು ಬಹಳ ಅಪರೂಪ. ಬೇಡವೆಂದವರ ಮಾತಿಗೆ ತಕರಾರಿಲ್ಲದೆ ಒಪ್ಪಿ, ಹಿರಿಯ ತಂತ್ರಜ್ಞರು ಆ ಕೆಲಸ ಮಾಡಿಕೊಡಬೇಕು. ಕೇಳದೆಯೇ ಚುಚ್ಚಿ, ರಕ್ತನಾಳ ಸಿಗದೆ ತಡಕಾಡಿದಾಗ ರೋಗಿಗೆ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಆ ವಾರ್ಡಿನಲ್ಲಿ ಯಾವ ವಿದ್ಯಾರ್ಥಿಗೂ ಯಾರೂ ಕೈ ಚಾಚುವುದಿಲ್ಲ. ಇದರ ಜೊತೆಗೇ ಇನ್ನೊಂದು ನಿಯಮವಿರಲಿ: ವಿದ್ಯಾರ್ಥಿಗೆ ಒಂದೇ ಪ್ರಯತ್ನ. ಅದು ವಿಫಲವಾದರೆ ಸೂಜಿಯನ್ನು ಹಿರಿಯರು ಕೈಗೆತ್ತಿಕೊಳ್ಳಬೇಕು.

ನನ್ನ ಮುಖ್ಯ ಅಭಿಪ್ರಾಯವೇನೆಂದರೆ, ರೋಗಿಯೊಡನೆ ಆಡುವ ಮಾತನ್ನು "ಸಂವಹನ ಕೌಶಲ" ಎಂಬ ಬೇರೆ ತರಗತಿಗೆ ತಳ್ಳಬಾರದು. ಮಾತು ಈ ಕೆಲಸದ ತಾಂತ್ರಿಕ ಭಾಗವೇ ಆಗಿದೆ. ರೋಗಿಯ ಗುರುತು ಖಚಿತಪಡಿಸಿಕೊಳ್ಳುವುದನ್ನೇ ನೋಡಿ. "ನೀವು ಬಸವ್ವ ಅಲ್ಲೇನ್ರಿ?" ಎಂದು ಕೇಳಿದರೆ, ಕಿವಿ ಮಂದವಾದವರೂ ಹೆದರಿಕೊಂಡವರೂ ಸುಮ್ಮನೆ ತಲೆಯಾಡಿಸುತ್ತಾರೆ. ನಮ್ಮ ಜಿಲ್ಲೆಯ ಯಾವುದೇ ಮಹಿಳಾ ವಾರ್ಡಿನಲ್ಲಿ ಒಂದೇ ಹೊತ್ತಿಗೆ ಇಬ್ಬರು ಬಸವ್ವಂದಿರು, ಇಬ್ಬರು ಶಾಂತವ್ವಂದಿರು ಇರುವುದು ಸಾಮಾನ್ಯ. ಆದ್ದರಿಂದ "ನಿಮ್ಮ ಹೆಸರು, ಯಜಮಾನರ ಹೆಸರು, ಊರು ಹೇಳ್ರಿ" ಎಂದು ರೋಗಿಯ ಬಾಯಿಂದಲೇ ಹೇಳಿಸಿ, ಅದನ್ನು ಕೇಸ್ ಶೀಟಿನ ಆಸ್ಪತ್ರೆ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಟ್ಯೂಬಿಗೆ ಲೇಬಲ್ ಅಂಟಿಸುವ ಕೆಲಸ ರಕ್ತ ತೆಗೆದ ಮೇಲೆ, ಹಾಸಿಗೆಯ ಪಕ್ಕದಿಂದ ಹೆಜ್ಜೆ ಕೀಳುವ ಮೊದಲೇ ಮುಗಿಯಬೇಕು. ನಾಲ್ಕು ಟ್ಯೂಬುಗಳಿಗೆ ಮೊದಲೇ ಹೆಸರು ಬರೆದು ಜೇಬಿನಲ್ಲಿಟ್ಟುಕೊಂಡು ಹೊರಡುವ ರೂಢಿಯನ್ನು ಮೊದಲ ದಿನವೇ ಬಿಡಿಸಿರಿ. ರಕ್ತದ ಗುಂಪಿನ ಪರೀಕ್ಷೆಗೆ ಕಳುಹಿಸಿದ ಟ್ಯೂಬು ಅದಲುಬದಲಾದರೆ, ಹೊಂದದ ರಕ್ತವನ್ನು ಏರಿಸಿ ಜೀವವೇ ಹೋಗಬಹುದು.

ನಿಮ್ಮ ವಿದ್ಯಾರ್ಥಿನಿಗೆ ಬಂದ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು, ಮತ್ತು ಅದು ನಿಜವಾಗಿರಬೇಕು. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಸಾಮಾನ್ಯ ಪರೀಕ್ಷೆಗಳಿಗೆ ನಾವು ತೆಗೆಯುವುದು 5 ಮಿಲಿಲೀಟರಿನ ಆಚೀಚೆ, ಅಂದರೆ ಒಂದು ಚಹಾ ಚಮಚದಷ್ಟು. ಇದನ್ನು ಖಾಲಿ ಟ್ಯೂಬು ತೋರಿಸಿ ಹೇಳಿದರೆ ಹಿರಿಯರ ಮುಖ ಸಡಿಲವಾಗುವುದನ್ನು ನಾನು ಪ್ರತಿದಿನ ನೋಡುತ್ತೇನೆ. "ಏನೂ ಆಗಂಗಿಲ್ಲ, ಸುಮ್ಮ ಕುಂಡ್ರಿ" ಎಂಬುದು ಉತ್ತರವಲ್ಲ. ಹಾಗೆಯೇ "ಹಿಂದ ರಕ್ತ ತೆಗಿಯೂ ಮುಂದ ತಲಿ ತಿರಗಿತ್ತೇನ್ರಿ?" ಎಂದು ಮೊದಲೇ ಕೇಳಬೇಕು, ಹೌದೆಂದವರನ್ನು ಮಲಗಿಸಿಯೇ ತೆಗೆಯಬೇಕು. ಸ್ತನದ ಶಸ್ತ್ರಚಿಕಿತ್ಸೆಯಾದ ಬದಿಯ ಕೈ, ಸಲೈನ್ ಹೋಗುತ್ತಿರುವ ಕೈ, ಡಯಾಲಿಸಿಸ್‌ಗಾಗಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿದ ಕೈ, ಇವುಗಳನ್ನು ಮುಟ್ಟುವ ಹಾಗಿಲ್ಲ. ಇದೂ ಕೇಳಿಯೇ ತಿಳಿಯಬೇಕಾದ ಸಂಗತಿ. ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಡಬಾರದು, ರೋಗಿಯಿಂದ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿ ಮಾಡಿಸಬಾರದು ಎಂದು ಪುಸ್ತಕದಲ್ಲಿದೆ. ಮುಷ್ಟಿ ಬಿಗಿಮಾಡಿಸಿದರೆ ಪೊಟ್ಯಾಸಿಯಂ ಮಟ್ಟ ಸುಳ್ಳಾಗಿ ಹೆಚ್ಚು ಬರುತ್ತದೆ ಎಂಬ ಕಾರಣವನ್ನೂ ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ.

ಒಬ್ಬರ ಮೇಲೊಬ್ಬರು ಸೂಜಿ ಅಭ್ಯಾಸ ಮಾಡುವ ವಿಷಯದಲ್ಲಿ ಎಚ್ಚರಿಕೆ ಬೇಕು. ಮನಸ್ಸಿದ್ದವರು ಮಾತ್ರ ಮಾಡಲಿ. ಒಲ್ಲೆ ಎಂದವರ ಅಂಕ ಕಡಿಮೆಯಾಗಬಾರದು, ಗೆಳೆಯರ ಮುಂದೆ ಅವಮಾನವೂ ಆಗಬಾರದು. ಅದಕ್ಕಿಂತ ಮೊದಲು ಹೆಪಟೈಟಿಸ್ ಬಿ ಲಸಿಕೆಯ ದಾಖಲೆಯನ್ನು ತೆಗೆಸಿ ನೋಡಿ. ಮೊದಲ ಡೋಸು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಎಂಬ ಕ್ರಮವಿರುವುದರಿಂದ, ವಾರ್ಡಿಗೆ ಕಳುಹಿಸುವ ತಿಂಗಳಲ್ಲಿ ಲಸಿಕೆ ಆರಂಭಿಸಿದರೆ ತಡವಾಗುತ್ತದೆ. ಪ್ರವೇಶ ಪಡೆದ ದಿನವೇ ಆರಂಭವಾಗಬೇಕು. ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕೆಂಬುದನ್ನು ಪ್ರತಿಯೊಬ್ಬರ ಬಾಯಲ್ಲೂ ಹೇಳಿಸಿರಿ: ಗಾಯವನ್ನು ಹಿಂಡದೆ ಸಾಬೂನು ನೀರಿನಿಂದ ತೊಳೆಯುವುದು, ತಕ್ಷಣ ಮೇಲ್ವಿಚಾರಕರಿಗೆ ತಿಳಿಸುವುದು, ಎಚ್‌ಐವಿ ತಡೆಯ ಮಾತ್ರೆ ಬೇಕೆಂದು ವೈದ್ಯರು ನಿರ್ಧರಿಸಿದರೆ ಸಾಧ್ಯವಾದಷ್ಟೂ ಎರಡು ಗಂಟೆಯೊಳಗೆ, ಎಷ್ಟೇ ತಡವಾದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗುವುದು. ಬೈಗುಳಕ್ಕೆ ಹೆದರಿ ಗಾಯವನ್ನು ಮುಚ್ಚಿಡುವ ವಿದ್ಯಾರ್ಥಿಗಳಿದ್ದಾರೆ. ಹಾಗಾಗಿ ಹೇಳಿಕೊಂಡವರನ್ನು ಯಾರೂ ಬೈಯುವುದಿಲ್ಲ ಎಂಬ ಭರವಸೆಯನ್ನು ನಾವು ಮೊದಲೇ ಕೊಡಬೇಕು, ಕೊಟ್ಟ ಮೇಲೆ ಅದರಂತೆಯೇ ನಡೆಯಬೇಕು.


ಉತ್ತರ 2: ಫಿಸಿಯೋಥೆರಪಿಸ್ಟ್, ಬೆಳಗಾವಿ

ಮೇಲಿನ ಉತ್ತರದಲ್ಲಿರುವ ಒಂದೊಂದು ಮಾತೂ ಸರಿಯಾಗಿದೆ. ಆದರೆ ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮೊದಲ ವಾರ ವಿದ್ಯಾರ್ಥಿಗಳ ಕೈಗೆ ಯಾವ ಉಪಕರಣವನ್ನೂ ಕೊಡಬೇಡಿ. ಒಬ್ಬೊಬ್ಬರನ್ನು ಒಂದೊಂದು ರೋಗಿಯ ಕುಟುಂಬದೊಂದಿಗೆ, ಅವರ ಒಪ್ಪಿಗೆ ಪಡೆದು, ಅರ್ಧ ದಿನ ಓಡಾಡಲು ಬಿಡಿ. ಚೀಟಿ ಮಾಡಿಸುವ ಕಿಟಕಿಯಿಂದ ಹಿಡಿದು ವೈದ್ಯರ ಕೋಣೆ, ಲ್ಯಾಬು, ಎಕ್ಸ್‌-ರೇ, ಔಷಧದ ಕೌಂಟರಿನವರೆಗೆ ಅವರೊಡನೆ ಸರದಿಯಲ್ಲಿ ನಿಲ್ಲಲಿ. ಹುಕ್ಕೇರಿಯಿಂದಲೋ ಸವದತ್ತಿಯಿಂದಲೋ ನಸುಕಿನಲ್ಲಿ ಬಸ್ಸು ಹತ್ತಿ, ರಕ್ತ ಪರೀಕ್ಷೆಗೆಂದು ಉಪವಾಸವಿದ್ದು, ಹನ್ನೊಂದು ಗಂಟೆಯಾದರೂ ಹೊಟ್ಟೆಗೆ ಏನೂ ಇಲ್ಲದೆ ಕುಳಿತ ಮಧುಮೇಹಿಗಳನ್ನು ಒಮ್ಮೆ ಹತ್ತಿರದಿಂದ ಕಂಡ ವಿದ್ಯಾರ್ಥಿ, "ಯಾಕ ಅವಸರ ಮಾಡ್ತೀರಿ, ನಿಂದರ್ರಿ" ಎಂದು ಗದರಿಸುವುದು ಕಷ್ಟ. ಈ ಅರ್ಧ ದಿನಕ್ಕೆ ಕಾಲೇಜು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿಲ್ಲ.

ಸಿಮ್ಯುಲೇಶನ್ ಲ್ಯಾಬ್ ಇಲ್ಲವೆಂದು ಕೊರಗಬೇಡಿ. ತರಬೇತಿ ಪಡೆದ ಮನುಷ್ಯರನ್ನೇ ರೋಗಿಯ ಪಾತ್ರದಲ್ಲಿ ಕೂರಿಸಿ ಕಲಿಸುವ ಪದ್ಧತಿಯನ್ನು ಅಮೆರಿಕದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ ಅವರು 1963ರಲ್ಲಿ ಆರಂಭಿಸಿದಾಗ ಇಂದಿನ ಬೊಂಬೆಗಳೂ ಕಂಪ್ಯೂಟರುಗಳೂ ಇರಲಿಲ್ಲ. ನಿಮ್ಮ ಊರಿನ ನಿವೃತ್ತ ಶಿಕ್ಷಕರು, ಕಾಲೇಜಿನ ಕಚೇರಿಯ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಇವರಲ್ಲಿ ನಾಲ್ಕೈದು ಜನರನ್ನು ಒಪ್ಪಿಸಿ, ಒಬ್ಬೊಬ್ಬರಿಗೆ ಒಂದು ಪುಟದ ಕಥೆ ಕೊಡಿ. ಒಬ್ಬರಿಗೆ ಕಿವಿ ಕೇಳುವುದಿಲ್ಲ. ಒಬ್ಬರು ಮೂರು ಆಸ್ಪತ್ರೆ ತಿರುಗಿ ಸಿಟ್ಟಿನಲ್ಲಿದ್ದಾರೆ. ಒಬ್ಬಾಕೆ ಎಲ್ಲದಕ್ಕೂ ಗಂಡನ ಮುಖ ನೋಡುತ್ತಾಳೆ. ಒಬ್ಬರಿಗೆ ಮರಾಠಿ ಬಿಟ್ಟು ಬೇರೆ ಬರುವುದಿಲ್ಲ. ಸಹಪಾಠಿಗಳನ್ನೇ ರೋಗಿಯಾಗಿ ಕೂರಿಸಿದರೆ ಎರಡು ನಿಮಿಷದಲ್ಲಿ ನಗು ಶುರುವಾಗುತ್ತದೆ. ಹೊರಗಿನವರಿದ್ದರೆ ಹಾಗಾಗುವುದಿಲ್ಲ. ಪ್ರತಿ ಪ್ರಸಂಗದ ನಂತರ "ನಿಮಗೆ ಹೇಗನಿಸಿತು?" ಎಂದು ಮೊದಲು ಆ ಪಾತ್ರಧಾರಿಯನ್ನೇ ಕೇಳಿ, ಬೋಧಕರ ಅಭಿಪ್ರಾಯ ಆಮೇಲೆ ಬರಲಿ.

ಮುಟ್ಟುವ ವಿಷಯವನ್ನು ಯಾವ ಪಠ್ಯಕ್ರಮವೂ ಸಾಕಷ್ಟು ವಿವರಿಸುವುದಿಲ್ಲ. ನಮ್ಮ ವೃತ್ತಿಯಲ್ಲಿ ಮುಟ್ಟದೆ ಕೆಲಸವೇ ಇಲ್ಲ, ಲ್ಯಾಬಿನವರಿಗೂ ಇಮೇಜಿಂಗ್‌ನವರಿಗೂ ಅದು ತಪ್ಪಿದ್ದಲ್ಲ. ಎಲ್ಲಿ ಮುಟ್ಟುತ್ತೇನೆ, ಯಾಕೆ ಮುಟ್ಟುತ್ತೇನೆ ಎಂಬುದನ್ನು ಮುಟ್ಟುವ ಮೊದಲು ಹೇಳಬೇಕು. ಮೊಣಕಾಲು ನೋಡಬೇಕಾದರೆ ಸೀರೆಯನ್ನು ರೋಗಿಯೇ ಸರಿಸಿಕೊಳ್ಳುವಂತೆ ಕೇಳಿ, ಉಳಿದ ಭಾಗದ ಮೇಲೆ ಹೊದಿಕೆ ಹಾಕಬೇಕು. ಹುಡುಗರು ಮಹಿಳಾ ರೋಗಿಯನ್ನು ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿಯೋ ರೋಗಿಯ ಮನೆಯ ಹೆಣ್ಣುಮಕ್ಕಳೋ ಜೊತೆಗಿರಬೇಕು. ಪರದೆ ಎಳೆಯುವುದನ್ನೂ ಕಲಿಸಬೇಕೇ ಎಂದು ನೀವು ಕೇಳಬಹುದು. ಹೌದು, ಕಲಿಸಬೇಕು, ಏಕೆಂದರೆ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಅದೇ. ಮಾತನಾಡಿಸಲು ಹಿಂಜರಿಯುವ ಹುಡುಗರಿಗೂ ಇದರಿಂದ ಧೈರ್ಯ ಬರುತ್ತದೆ, ಯಾಕೆಂದರೆ ಮುಂದಿನ ಹೆಜ್ಜೆ ಯಾವುದೆಂದು ಅವರಿಗೆ ಖಚಿತವಾಗಿ ಗೊತ್ತಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಪಾರ್ಶ್ವವಾಯುವಿನಿಂದ ಬಲಗೈ ಸೋತಿದ್ದ ಒಬ್ಬ ತಾಯಿಗೆ ಇಂಟರ್ನ್ ಒಬ್ಬ "ಕೈ ಮ್ಯಾಲೆತ್ರಿ, ಬಳ್ಳ ಬಿಚ್ರಿ" ಎಂದು ಹೇಳುತ್ತಲೇ ಇದ್ದ. ಆಕೆ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು. ಮನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳು ಅಂದೆ. ದಿನಕ್ಕೆ ಎರಡು ಹೊತ್ತು ರೊಟ್ಟಿ ಬಡಿಯುತ್ತಿದ್ದರಂತೆ. ಮರುದಿನ ಆ ಹುಡುಗ ಒಂದು ಮಣೆಯ ಮೇಲೆ ಜೋಳದ ಹಿಟ್ಟು ಹರವಿ, ನಾದಿದ ಉಂಡೆಯೊಂದನ್ನು ಇಟ್ಟು, ಆಕೆಯ ಮಣಿಕಟ್ಟಿಗೆ ಆಸರೆ ಕೊಟ್ಟು ಕೂತ. ಬೆರಳುಗಳು ಹಿಟ್ಟಿನ ಮೇಲೆ ನಿಧಾನವಾಗಿ ಬಿಚ್ಚಿಕೊಂಡವು. ಭುಜದ ಮೇಲೆ ಕೈ ಎತ್ತಲು ಆಗಲೂ ಬರಲಿಲ್ಲ, ಆದರೆ ಆಕೆ ಅಭ್ಯಾಸಕ್ಕೆ ಬೇಡವೆನ್ನುವುದನ್ನು ಬಿಟ್ಟರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವವರಿಗೆ, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವವರಿಗೆ, ಎತ್ತರದ ಹೊಸ್ತಿಲು ದಾಟಿ ಮನೆಯೊಳಗೆ ಹೋಗಬೇಕಾದವರಿಗೆ ಚಿಕಿತ್ಸೆಯ ಗುರಿ ಏನೆಂಬುದು ಅವರನ್ನು ಕೇಳದೆ ತಿಳಿಯುವುದಿಲ್ಲ. ಆ ಪ್ರಶ್ನೆ ಕೇಳುವುದನ್ನು ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ರೂಢಿಸಿ.

ಭಾಷೆಯ ವಿಷಯದಲ್ಲಿ ಒಂದೇ ಸಲಹೆ: ಹೆಸರು, ಊರು, ನೋವು ಎಲ್ಲಿ, ಊಟ ಆಯಿತೇ, ಈಗ ಏನು ಮಾಡುತ್ತೇನೆ ಎಂಬಷ್ಟನ್ನು ಮರಾಠಿಯಲ್ಲೂ ಉರ್ದುವಿನಲ್ಲೂ ತಾಂಡಾಗಳಿಂದ ಬರುವವರಿಗಾಗಿ ಲಂಬಾಣಿಯಲ್ಲೂ ಕಲಿಸಿ. ನಿಮ್ಮ ತರಗತಿಯಲ್ಲಿಯೇ ಆ ಭಾಷೆಗಳನ್ನು ಮನೆಯಲ್ಲಿ ಆಡುವ ಮಕ್ಕಳಿರುತ್ತಾರೆ. ಪಾಠವನ್ನು ಅವರೇ ಮಾಡಲಿ.


ಉತ್ತರ 3: ಇಮೇಜಿಂಗ್ ತಂತ್ರಜ್ಞೆ, ವಿಜಯಪುರ

ಇಮೇಜಿಂಗ್ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಕೆಲವನ್ನು ಮಾತ್ರ ಸೇರಿಸುತ್ತೇನೆ.

ಎಂಆರ್‌ಐ ಯಂತ್ರದ ಆಯಸ್ಕಾಂತ ಸ್ಕ್ಯಾನ್ ನಡೆಯದಿರುವಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ಕೋಣೆಯ ಬಾಗಿಲಿನಲ್ಲಿ ಕೇಳುವ ಪ್ರಶ್ನೆಗಳು ಜೀವರಕ್ಷಕ ಪ್ರಶ್ನೆಗಳು. ಪೇಸ್‌ಮೇಕರ್, ಮೂಳೆಗೆ ಹಾಕಿದ ರಾಡು, ಕಣ್ಣಿಗೆ ಹಾರಿದ ಕಬ್ಬಿಣದ ಚೂರು ಇವುಗಳ ಬಗ್ಗೆ ಪಟ್ಟಿ ಓದಿದಂತೆ ಕೇಳಿದರೆ ಎಲ್ಲದಕ್ಕೂ "ಇಲ್ರಿ" ಎಂಬ ಉತ್ತರವೇ ಬರುತ್ತದೆ. "ಯಾವಾಗರೆ ಆಪರೇಷನ್ ಆಗೇತೇನ್ರಿ? ವೆಲ್ಡಿಂಗ್ ಕೆಲಸ ಮಾಡೀರೇನ್ರಿ?" ಎಂದು ಬಿಡಿಸಿ ಕೇಳಬೇಕು. ತಾಳಿ, ಕಾಲುಂಗುರ ತೆಗೆಯಲು ಅನೇಕರು ಒಪ್ಪುವುದಿಲ್ಲ. ಅಲ್ಲಿ ವಾದ ಮಾಡಿ ಫಲವಿಲ್ಲ. ಅತ್ತೆಯನ್ನೋ ಅಕ್ಕನನ್ನೋ ಒಳಗೆ ಕರೆದು, ಕಾರಣ ತಿಳಿಸಿ, ಅರಿಷಿಣದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಸಿ, ತಾಳಿಯನ್ನು ಮನೆಯವರ ಕೈಯಲ್ಲೇ ಇರಿಸಿದರೆ ಹೆಚ್ಚಿನವರು ಸಮಾಧಾನದಿಂದ ಒಳಗೆ ಬರುತ್ತಾರೆ. ಸೊಂಟದ ಉಡದಾರ, ತೋಳಿನ ತಾಯಿತ ಇವನ್ನು ಕೇಳಲು ಮರೆಯಬಾರದು. ಎಕ್ಸ್‌-ರೇ ಅಥವಾ ಸಿಟಿಗೆ ಮೊದಲು ಮುಟ್ಟಿನ ದಿನಾಂಕ ಕೇಳುವುದನ್ನು ಮಹಿಳಾ ಸಿಬ್ಬಂದಿಯಿಂದ, ಬೇರೆಯವರಿಗೆ ಕೇಳಿಸದಂತೆ ಮಾಡಿಸಿ. ಮದುವೆಯಾಗಿಲ್ಲವೆಂಬ ಕಾರಣಕ್ಕೆ ಆ ಪ್ರಶ್ನೆಯನ್ನು ಬಿಟ್ಟುಬಿಡುವ ಹಾಗಿಲ್ಲ.

ಇನ್ನೊಂದು ವಿಷಯವನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ಅಲ್ಟ್ರಾಸೌಂಡ್ ಕೋಣೆಯ ಹೊರಗೆ ನಿಂತ ವಿದ್ಯಾರ್ಥಿಯನ್ನು ಬಸುರಿಯ ಮನೆಯವರು ಪಕ್ಕಕ್ಕೆ ಕರೆದು ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಕೆಲವೊಮ್ಮೆ ಕೇಳುವವರು ಅವನದೇ ಊರಿನ ಕಾಕಾ ಆಗಿರುತ್ತಾರೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಭ್ರೂಣದ ಲಿಂಗವನ್ನು ಮಾತಿನಿಂದಾಗಲೀ ಸನ್ನೆಯಿಂದಾಗಲೀ ಯಾರಿಗೂ ತಿಳಿಸುವಂತಿಲ್ಲ. ಮೊದಲ ಅಪರಾಧಕ್ಕೇ ಮೂರು ವರ್ಷಗಳವರೆಗೆ ಜೈಲು ಮತ್ತು ದಂಡವಿದೆ. ಕಾಯ್ದೆಯ ಕಲಂಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿದರೆ ಸಾಲದು. "ಕಾಕಾ, ಅದನ್ನ ಕೇಳೂದೂ ತಪ್ಪ, ಹೇಳೂದೂ ತಪ್ಪ. ನಾ ಹೇಳಂಗಿಲ್ಲ" ಎಂದು ಗಟ್ಟಿಯಾಗಿ, ಆದರೆ ಮರ್ಯಾದೆಯಿಂದ ಹೇಳುವುದನ್ನು ಪಾತ್ರಾಭಿನಯದಲ್ಲಿ ಅಭ್ಯಾಸ ಮಾಡಿಸಿ.


ಉತ್ತರ 4: ಡಯಾಲಿಸಿಸ್ ತಂತ್ರಜ್ಞ, ಬಾಗಲಕೋಟೆ

ಲ್ಯಾಬಿನವರು ಒಬ್ಬ ರೋಗಿಯನ್ನು ಐದು ನಿಮಿಷ ಕಾಣುತ್ತಾರೆ. ನಾವು ಅದೇ ರೋಗಿಯನ್ನು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ವರ್ಷಗಟ್ಟಲೆ ಕಾಣುತ್ತೇವೆ. ಹಾಗಾಗಿ ನಮ್ಮ ವಿದ್ಯಾರ್ಥಿಗಳಿಗೆ ಬೇಕಾದ ಸಿದ್ಧತೆಯೂ ಸ್ವಲ್ಪ ಬೇರೆ.

ಫಿಸ್ಟುಲಾ ಇರುವ ಕೈ ಆ ರೋಗಿಯ ಜೀವನಾಡಿ. ಅದರ ಮೇಲೆ ಬಿಪಿ ನೋಡಬಾರದು, ಬೇರೆ ಸೂಜಿ ಹಾಕಬಾರದು, ಅದರಲ್ಲಿನ ಮಿಡಿತವನ್ನು ಪ್ರತಿ ಸಲ ಬೆರಳಿಟ್ಟು ನೋಡಬೇಕು. ಇದನ್ನು ಹಳೆಯ ರೋಗಿಗಳೇ ನಮ್ಮ ಹೊಸ ಮಕ್ಕಳಿಗೆ ಕಲಿಸುತ್ತಾರೆ, ಮತ್ತು ಅವರಿಂದ ಕಲಿಯುವುದರಲ್ಲಿ ಯಾವ ಸಣ್ಣತನವೂ ಇಲ್ಲ. ಯಾವ ಜಾಗದಲ್ಲಿ ಸೂಜಿ ಸರಿಯಾಗಿ ಕೂಡುತ್ತದೆ ಎಂದು ಅವರು ಹೇಳಿದರೆ ಕಿವಿಗೊಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ.

ಎರಡು ಡಯಾಲಿಸಿಸ್‌ಗಳ ನಡುವೆ ತೂಕ ಹೆಚ್ಚಾಗಿ ಬಂದರೆ ಹೊಸಬರು ಗದರಿಸುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಿಂದ ಬಂದ ಮನುಷ್ಯನಿಗೆ ನೀರು ಅಳೆದು ಕುಡಿಯಿರಿ ಎನ್ನುವುದು ಸುಲಭದ ಮಾತಲ್ಲ. ಗದರಿಸುವ ಬದಲು ನಿನ್ನೆ ಬೆಳಗಿನಿಂದ ಏನೇನು ಕುಡಿದಿರಿ, ಉಂಡಿರಿ ಎಂದು ಕೇಳಿದರೆ ಕಾರಣ ಗೊತ್ತಾಗುತ್ತದೆ. ಅನೇಕರು ಮಜ್ಜಿಗೆಯನ್ನೂ ಅಂಬಲಿಯನ್ನೂ ನೀರಿನ ಲೆಕ್ಕಕ್ಕೆ ಹಿಡಿದಿರುವುದೇ ಇಲ್ಲ. ಕಾಣಲು ಬಂದ ಬೀಗರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತಂದಿರುತ್ತಾರೆ. ಕಿಡ್ನಿ ಸೋತವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ಇದನ್ನು ಬೀಗರ ಮನ ನೋಯದಂತೆ, ಆದರೆ ಸ್ಪಷ್ಟವಾಗಿ ಹೇಳುವುದು ಒಂದು ಕೌಶಲ, ಮತ್ತು ಅದನ್ನು ಕಲಿಸಬಹುದು.

ಗೌಪ್ಯತೆಯ ಬಗ್ಗೆ ಮೇಲಿನವರು ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಸೋಂಕಿರುವ ರೋಗಿಗಳಿಗೆ ನಾವು ಪ್ರತ್ಯೇಕ ಯಂತ್ರವಿಡುವುದರಿಂದ, ಯಾರಿಗೆ ಏನಿದೆ ಎಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಗೊತ್ತಾಗಿಬಿಡುತ್ತದೆ. ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಒಂದಿಲ್ಲೊಂದು ರೀತಿಯಲ್ಲಿ ಸಂಬಂಧಿಕರು. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ. ಆದರೆ ಮಾತು ಹೊರಬೀಳುವುದು ದುರುದ್ದೇಶದಿಂದಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ "ಇವತ್ತ ನಮ್ಮ ಊರಿನವ್ರು ಒಬ್ರು ಬಂದಿದ್ರು" ಎಂದು ಶುರುವಾಗಿಯೇ ಬೀಳುತ್ತದೆ. ಪರಿಚಿತರನ್ನು ಕಂಡರೆ ಮೇಲ್ವಿಚಾರಕರಿಗೆ ತಿಳಿಸಿ ಬೇರೆ ರೋಗಿಯನ್ನು ಕೇಳಿ ಪಡೆಯುವ ಅವಕಾಶ ವಿದ್ಯಾರ್ಥಿಗಿರಲಿ. ಮಾನಿಟರ್ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು ಸ್ಟೇಟಸ್ ಹಾಕುವುದಂತೂ ಕೂಡದು. ಅದರಲ್ಲಿ ರೋಗಿಯ ಹೆಸರೂ ಬಂದಿರುತ್ತದೆ.

ಕೊನೆಯದಾಗಿ, ಸಾವು. ಆರು ತಿಂಗಳು ವಾರಕ್ಕೆರಡು ಸಲ ನಗುತ್ತ ಮಾತನಾಡಿಸುತ್ತಿದ್ದವರು ಒಂದು ಸೋಮವಾರ ಬರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಆ ಜಾಗಕ್ಕೆ ಕಾಯುವ ಪಟ್ಟಿಯಿಂದ ಬೇರೊಬ್ಬರು ಬಂದು ಮಲಗಿರುತ್ತಾರೆ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಯಂತ್ರ ತೊಳೆಯುತ್ತ ಅಳುವುದನ್ನು ನಾನು ಕಂಡಿದ್ದೇನೆ. ಇಂಥ ದಿನ ಪಾಳಿ ಮುಗಿದ ಮೇಲೆ ಹಿರಿಯರೊಬ್ಬರು ಆ ಮಕ್ಕಳನ್ನು ಕೂರಿಸಿಕೊಂಡು, ಏನಾಯಿತು, ಏಕಾಯಿತು, ನಮ್ಮಿಂದ ಇನ್ನೇನಾದರೂ ಸಾಧ್ಯವಿತ್ತೇ ಎಂಬುದನ್ನು ಬಿಚ್ಚಿ ಮಾತನಾಡಬೇಕು. ಇದನ್ನು ವೇಳಾಪಟ್ಟಿಯಲ್ಲಿಯೇ ಸೇರಿಸಿ ಎಂದು ನನ್ನ ಕೋರಿಕೆ. ಇಲ್ಲವಾದರೆ ಮಕ್ಕಳು ರೋಗಿಗಳನ್ನು ಹೆಸರಿನ ಬದಲು ಬೆಡ್ ನಂಬರಿನಿಂದ ಕರೆಯಲು ಶುರು ಮಾಡುತ್ತಾರೆ, ತಮ್ಮ ನೋವನ್ನು ಕಡಿಮೆ ಮಾಡಿಕೊಳ್ಳಲು.


ಉತ್ತರ 5: ರೋಗಿಯ ಮಗಳು, ಗೋಕಾಕ

ನಾನು ವೈದ್ಯಕೀಯ ಕ್ಷೇತ್ರದವಳಲ್ಲ. ನಮ್ಮ ತಾಯಿಯ ಚಿಕಿತ್ಸೆಗಾಗಿ ಬಹಳ ಕಾಲ ಆಸ್ಪತ್ರೆಗಳಲ್ಲಿ ಇದ್ದವಳಾದ್ದರಿಂದ ಒಂದು ಮಾತು ಬರೆಯುತ್ತಿದ್ದೇನೆ. ಕಲಿಯುವ ಮಕ್ಕಳು ಎಂದು ತಿಳಿದರೆ ಜನ ಕೈ ಕೊಡುವುದಿಲ್ಲ ಎಂಬುದು ನಿಜವಲ್ಲ. ನಮ್ಮ ತಾಯಿ "ಕಲೀರವ್ವಾ, ಯಾರದರೆ ಕೈ ಮ್ಯಾಲೆ ಕಲೀಬೇಕಲ್ಲ" ಎಂದು ತಾವೇ ಕೈ ಚಾಚುತ್ತಿದ್ದರು. ಅವರಿಗೆ ನೋವಾಗುತ್ತಿದ್ದುದು ಸೂಜಿಯಿಂದಲ್ಲ. ಐದಾರು ವಿದ್ಯಾರ್ಥಿಗಳು ಹಾಸಿಗೆಯ ಸುತ್ತ ನಿಂತು, ಅವರ ಕಾಯಿಲೆಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡು, ಅವರ ಕಡೆ ತಿರುಗಿ ಒಂದು ಮಾತೂ ಆಡದೆ ಹೊರಟುಹೋದಾಗ. ಹೋಗುವಾಗ "ಬರ್ತೀವ್ರಿ ಅವ್ವಾರ" ಎನ್ನಲು ಕಲಿಸಿರಿ.


ಬೋಧಕಿ, ಬಾಗಲಕೋಟೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ತಾಯಿಯವರ ಮಾತನ್ನು ನನ್ನ ಸಹೋದ್ಯೋಗಿಗಳಿಗೆ ಓದಿ ಹೇಳಿದೆ. ವಿದ್ಯಾರ್ಥಿ ಎಂದು ತಿಳಿಸಿಯೇ ಕೆಲಸ ಮಾಡುವುದೆಂದು ವಿಭಾಗದಲ್ಲಿ ಒಪ್ಪಿಕೊಂಡಿದ್ದೇವೆ. ಮೊದಲ ವಾರ ರೋಗಿಯ ಕುಟುಂಬದೊಂದಿಗೆ ಅರ್ಧ ದಿನ, ಎರಡನೆಯ ವಾರ ಪಾತ್ರಾಭಿನಯ, ಮೂರನೆಯ ವಾರ ಪ್ಲಾಸ್ಟಿಕ್ ತೋಳಿನ ಮೇಲೆ ಮಾತು ಮತ್ತು ಕೈ ಎರಡನ್ನೂ ಸೇರಿಸಿ ಅಭ್ಯಾಸ ಎಂದು ಯೋಜಿಸಿದ್ದೇನೆ. ಉಳಿದಿರುವ ಒಂದು ಸಂದೇಹವೆಂದರೆ, ವಿದ್ಯಾರ್ಥಿ ಸಿದ್ಧನಾಗಿದ್ದಾನೆ ಎಂದು ಹೇಳುವುದು ಹೇಗೆ? ಲಿಖಿತ ಪರೀಕ್ಷೆಯಲ್ಲಂತೂ ಎಲ್ಲರೂ ಪಾಸಾಗುತ್ತಾರೆ.


ಲ್ಯಾಬ್ ಮೇಲ್ವಿಚಾರಕ, ವಿಜಯಪುರ

ಮೇಡಂ, ಅರ್ಧ ದಿನದ ಓಡಾಟವನ್ನು ಮೊದಲಿಗಿಟ್ಟದ್ದು ಒಳ್ಳೆಯದಾಯಿತು; ಬೆಳಗಾವಿಯವರ ವಾದ ಓದಿದ ಮೇಲೆ ನನಗೂ ಅದೇ ಸರಿಯೆನಿಸಿತು. ಮೌಲ್ಯಮಾಪನಕ್ಕೆ ಓಎಸ್‌ಸಿಇ ಮಾದರಿಯನ್ನು ಚಿಕ್ಕದಾಗಿ ಮಾಡಿ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪದ್ಧತಿಯಿದು: ವಿದ್ಯಾರ್ಥಿಗಳು ಒಂದೊಂದೇ ನಿಲ್ದಾಣಕ್ಕೆ ಹೋಗಿ, ಗೊತ್ತುಪಡಿಸಿದ ನಿಮಿಷಗಳಲ್ಲಿ ಒಂದು ಕೆಲಸವನ್ನು ಮಾಡಿ ತೋರಿಸುತ್ತಾರೆ, ಪರೀಕ್ಷಕರು ಒಂದೇ ಅಂಕಪಟ್ಟಿಯ ಪ್ರಕಾರ ಎಲ್ಲರನ್ನೂ ಅಳೆಯುತ್ತಾರೆ. ನಿಮಗೆ ನಾಲ್ಕು ಮೇಜು, ಒಂದು ಗಂಟೆ, ಎರಡನೆಯ ವಾರ ಬಂದಿದ್ದ ಪಾತ್ರಧಾರಿಗಳು ಸಾಕು. ರಕ್ತ ತೆಗೆಯುವ ಮೇಜಿನಲ್ಲಿ ಪ್ಲಾಸ್ಟಿಕ್ ತೋಳನ್ನು ಪಾತ್ರಧಾರಿಯ ಪಕ್ಕದಲ್ಲಿ ಬಟ್ಟೆ ಹೊದಿಸಿ ಇಡಿ, ಆಗ ವಿದ್ಯಾರ್ಥಿ ಮಾತನಾಡುವುದು ಮನುಷ್ಯನೊಡನೆ, ಚುಚ್ಚುವುದು ಪ್ಲಾಸ್ಟಿಕ್ಕಿಗೆ. ಗುರುತು ಕೇಳುವುದು, ಒಪ್ಪಿಗೆ ಪಡೆಯುವುದು, ಕೈ ತೊಳೆಯುವುದು, ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಬಿಳಿ ಡಬ್ಬಿಗೆ ಹಾಕುವುದು, ಅಲ್ಲಿಯೇ ಲೇಬಲ್ ಅಂಟಿಸುವುದು, ಈ ಐದರಲ್ಲಿ ಒಂದು ತಪ್ಪಿದರೂ ಒಟ್ಟು ಅಂಕ ಎಷ್ಟೇ ಇರಲಿ, ಮತ್ತೊಮ್ಮೆ ಅಭ್ಯಾಸ ಮಾಡಿ ಬರಲಿ. ಇದು ಶಿಕ್ಷೆಯಲ್ಲ ಎಂಬುದನ್ನು ಮೊದಲೇ ತಿಳಿಸಿ.

ಅಲೈಡ್ ಹೆಲ್ತ್ ವೃತ್ತಿಗಳ ಕುರಿತ 2021ರ ಕಾಯ್ದೆ ಬಂದ ಮೇಲೆ ಅಲೈಡ್ ಹೆಲ್ತ್ ವೃತ್ತಿಪರರ ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2,000 ಗಂಟೆ, ಹೆಲ್ತ್ ಕೇರ್ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆ ಎಂಬ ಲೆಕ್ಕ ಬಂದಿದೆ. ಗಂಟೆಗಳ ಲೆಕ್ಕವನ್ನು ಹಾಜರಿ ಪುಸ್ತಕ ತುಂಬಿಸಿಬಿಡಬಹುದು. ಆ ಗಂಟೆಗಳಲ್ಲಿ ಹಿರಿಯರೊಬ್ಬರು ನಿಜವಾಗಿಯೂ ಪಕ್ಕದಲ್ಲಿ ನಿಂತು ನೋಡಿದರೇ ಎಂಬುದನ್ನು ದಾಖಲಿಸಲು ನೀವು ಬೇರೆ ಪುಸ್ತಕ ಇಡಬೇಕು. ಪರೀಕ್ಷೆಯಲ್ಲಿ ಮಾಡಿ ತೋರಿಸಿದವನು ಗದ್ದಲದ ವಾರ್ಡಿನಲ್ಲೂ ಹಾಗೆಯೇ ಮಾಡುತ್ತಾನೆಂಬ ಖಾತ್ರಿಯಿಲ್ಲ. ಮೊದಲ ತಿಂಗಳು ನೀವಾಗಲೀ ವಾರ್ಡಿನ ತಂತ್ರಜ್ಞರಾಗಲೀ ಪ್ರತಿ ವಿದ್ಯಾರ್ಥಿಯನ್ನು ವಾರಕ್ಕೊಮ್ಮೆಯಾದರೂ ಆರಂಭದಿಂದ ಕೊನೆಯವರೆಗೆ ನೋಡಿ ಸಹಿ ಹಾಕಿ.


ಬೋಧಕಿ, ಬಾಗಲಕೋಟೆ

ಆಗಲಿ ಸರ್, ಅದೇ ರೀತಿ ಅಂಕಪಟ್ಟಿ ಸಿದ್ಧಪಡಿಸುತ್ತೇನೆ. ಲಸಿಕೆಯ ದಾಖಲೆಗಳನ್ನು ಇಂದು ತರಿಸಿ ನೋಡಿದೆ; ಕೆಲವರಿಗೆ ಎರಡನೆಯ ಡೋಸು ಇನ್ನೂ ಆಗಿಲ್ಲ. ಅವರು ವಾರ್ಡಿಗೆ ಹೋಗುತ್ತಾರೆ, ರೋಗಿಗಳನ್ನು ಮಾತನಾಡಿಸಿ ಗುರುತು ಕೇಳಿ ಲೇಬಲ್ ತಾಳೆ ನೋಡುತ್ತಾರೆ, ಆದರೆ ಲಸಿಕೆ ಪೂರ್ತಿಯಾಗುವವರೆಗೆ ಸೂಜಿ ಹಿಡಿಯುವುದಿಲ್ಲ ಎಂದು ಪ್ರಾಂಶುಪಾಲರಿಂದ ಲಿಖಿತ ಆದೇಶ ಪಡೆದಿದ್ದೇನೆ. ಅಂಕಪಟ್ಟಿಯ ಕರಡನ್ನು ಮುಂದಿನ ವಾರ ಇಲ್ಲಿಯೇ ಹಾಕುತ್ತೇನೆ, ತಿದ್ದುಪಡಿಗಳಿದ್ದರೆ ತಿಳಿಸಬೇಕಾಗಿ ವಿನಂತಿ.